ಆಂಟೆನಾ 'ಜೋಡಿಸಿ' ಅಂದರೆ ನಿಮಗೆ ಏನು ಅರ್ಥವಾಗುತ್ತದೆ?

ಗೆಳೆಯರೇ, ಒಂದು ಕ್ರಿಯಾಪದದ ಬಗ್ಗೆ ಕೇಳಬೇಕಿತ್ತು. ಇಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಾವು ಕೆಲವರು ಕನ್ನಡದ ಹ್ಯಾಮ್‌ಗಳಿದ್ದೇವೆ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು. ಟ್ರಾನ್ಸೀವರಿಗೆ (ಮಾತು ಕಳಿಸುವ, ಕೇಳಿಸುವ ರೇಡಿಯೋ ಸೆಟ್ಟಿಗೆ) ಆಂಟೆನಾ, ಕಂಪ್ಯೂಟರ್ ಎಲ್ಲ ಹೇಗೆ ಹಾಕಬೇಕು ಅಂತ ಹೊಸಬರಿಗಾಗಿ ಎರಡು ಪುಟ ಬರೆಯುತ್ತಿದ್ದೇನೆ. ಎಲ್ಲ ಕಡೆ ಸುಮ್ನೆ 'ಜೋಡಿಸಿ' ಅಂತ ಬರೆದಿದ್ದೆ.

ಮೊದಲು ಓದಿದವನು ನನ್ನ ತಂಗಿಯ ಮಗ. ಬೆಳೆದದ್ದು ಹಾಸನದಲ್ಲಿ, ಲೈಸೆನ್ಸ್ ಈಗಷ್ಟೇ ಬಂದಿದೆ. 'ಆಂಟೆನಾ ಜೋಡಿಸಿ, ಆಮೇಲೆ ಪಿಟಿಟಿ ಒತ್ತಿ' ಅಂತ ಇತ್ತು. ಪಿಟಿಟಿ ಅಂದರೆ ಮಾತು ಕಳಿಸುವಾಗ ಒತ್ತುವ ಗುಂಡಿ. ಹುಡುಗ ಟೆರೇಸಿನಲ್ಲಿ 20 ಮೀಟರ್ ಬ್ಯಾಂಡಿನ (ರೇಡಿಯೋ ಅಲೆಯ ಉದ್ದ ಸುಮಾರು 20 ಮೀಟರ್) ಡೈಪೋಲ್, ಅಂದರೆ ಎರಡು ತಂತಿಯ ಆಂಟೆನಾ, ಅಚ್ಚುಕಟ್ಟಾಗಿ ಜೋಡಿಸಿದ. ಎರಡೂ ಕಡೆ ಸುಮಾರು 5 ಮೀಟರ್ ತಂತಿ, ನಡುವೆ ಇನ್ಸುಲೇಟರ್, ತುದಿಗೆ ನೈಲಾನ್ ಹಗ್ಗ. ಕೆಳಗೆ ಬಂದು ಪಿಟಿಟಿ ಒತ್ತಿದ. ಆಂಟೆನಾದಿಂದ ಸೆಟ್ಟಿಗೆ ಬರುವ ಕೋಆಕ್ಸ್ ಕೇಬಲ್ಲಿನ ತುದಿ ಮೇಜಿನ ಹಿಂದೆ ನೇತಾಡುತ್ತಲೇ ಇತ್ತು! ಹೊರಗೆ ಹೋಗಬೇಕಾದ ಪವರ್ ಹೀಗೆ ತಿರುಗಿ ಬಂದರೆ ಸೆಟ್ಟಿನ ಕೊನೆಯ ಟ್ರಾನ್ಸಿಸ್ಟರುಗಳೇ ಸುಟ್ಟುಹೋಗಬಹುದು. ಸೆಟ್ ತಾನೇ ಪವರ್ ಇಳಿಸಿಕೊಂಡಿದ್ದರಿಂದ ಉಳಿಯಿತು.

ತಪ್ಪು ನನ್ನ ಪದದ್ದು. ಕುರ್ಚಿಯ ಬಿಡಿಭಾಗ ಜೋಡಿಸುತ್ತೇವೆ, ಕಪಾಟಿನಲ್ಲಿ ಪುಸ್ತಕ ಜೋಡಿಸುತ್ತೇವೆ, ಅವನು ಹಾಗೇ ಓದಿಕೊಂಡ. ನಾನೋ ಇಷ್ಟು ವರ್ಷ ಇಲ್ಲಿ ಮರಾಠಿಯ 'ವೀಜ್ ಜೋಡಣೀ' ಓದಿ ಓದಿ, ಜೋಡಿಸು ಅಂದರೆ ಕನೆಕ್ಷನ್ ಕೊಡುವುದೇ ಅಂದುಕೊಂಡುಬಿಟ್ಟಿದ್ದೇನೆ ಅನಿಸುತ್ತದೆ.

'ಸಂಪರ್ಕಿಸಿ' ಬೇಡ. ನಮ್ಮಲ್ಲಿ ಸಂಪರ್ಕ ಅಂದರೆ ಇನ್ನೊಬ್ಬ ಹ್ಯಾಮ್ ಗಾಳಿಯಲ್ಲಿ ಸಿಕ್ಕಿ ಮಾತಾದದ್ದು. 'ಇವತ್ತು ಜಪಾನ್ ಸಂಪರ್ಕ ಆಯ್ತು' ಅನ್ನುತ್ತೇವೆ, ಅಲ್ವಾ?

ಹಾಗಾಗಿ ಈಗ ಕೈ ಮಾಡುವ ಕೆಲಸವನ್ನೇ ಬರೆಯುತ್ತಿದ್ದೇನೆ. ಡೈಪೋಲ್ ಕಟ್ಟಿ. ಕೋಆಕ್ಸಿನ ಪಿಎಲ್-259 ಪ್ಲಗ್ಗನ್ನು ಸೆಟ್ಟಿನ ಹಿಂದಿನ ಸಾಕೆಟ್ಟಿಗೆ ಸಿಕ್ಕಿಸಿ, ಹೊರಗಿನ ಉಂಗುರ ತಿರುಗಿಸಿ ಬಿಗಿ ಮಾಡಿ. ಯುಎಸ್‌ಬಿ ಚುಚ್ಚಿ. ಮಳೆಗಾಲದ ಸಾಲಿನಲ್ಲಿ 'ಗುಡುಗು ಬರುವ ಮುಂಚೆ ಆಂಟೆನಾ ತೆಗೆಯಿರಿ' ಅಂತ ಇತ್ತು, ಅದನ್ನು ಓದಿ ಯಾರಾದರೂ ಮೋಡ ಕವಿದ ಹೊತ್ತಿನಲ್ಲಿ ಟೆರೇಸಿಗೆ ಓಡಿದರೆ ಏನು ಗತಿ ಅಂತ ಹೆದರಿ 'ಸೆಟ್ಟಿನಿಂದ ಕೋಆಕ್ಸ್ ಬಿಚ್ಚಿಡಿ' ಅಂತ ತಿದ್ದಿದೆ.

ಕಂಪ್ಯೂಟರಿನ ಕಡೆ ಇನ್ನೂ ಸಿಕ್ಕಾಗಿದೆ. ಯುಎಸ್‌ಬಿ ಚುಚ್ಚಿದ ಮಾತ್ರಕ್ಕೆ ಎಲ್ಲ ಆಗುವುದಿಲ್ಲ. ಪೋರ್ಟ್ ಸರಿಯಾಗಿ ಆರಿಸಬೇಕು, ಬಾಡ್ ರೇಟ್ (ಡೇಟಾ ಹೋಗುವ ವೇಗ) ಎರಡೂ ಕಡೆ ಒಂದೇ ಇರಬೇಕು, ಸೌಂಡ್ ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ ಬೇರೆ ಬೇರೆಯಾಗಿ ತೋರಿಸಬೇಕು. ಎಷ್ಟೋ ಸಲ ಎಫ್‌ಟಿ8 (ಕಂಪ್ಯೂಟರಿನ ಮೂಲಕ ಚುಟುಕು ಸಂದೇಶ ಕಳಿಸುವ ವಿಧಾನ) ತೆರೆದರೆ 15 ಸೆಕೆಂಡಿಗೊಮ್ಮೆ ಪರದೆಯ ಮೇಲೆ ಕರೆಗಳು ಬಂದು ಬೀಳುತ್ತವೆ, ನಾವು ಕರೆಯೋಣ ಅಂದರೆ ಸೆಟ್ ಅಲುಗಾಡುವುದಿಲ್ಲ. ಕೇಬಲ್ ಸಿಕ್ಕಿಸಿಯಾಗಿದೆ, ಮಾತು ಕೂಡಿಲ್ಲ. ಈ 'ಕೂಡುವುದು' ಓದುವವರಿಗೆ ತಿಳಿಯುತ್ತದೆಯೇ? ಇದಕ್ಕಿಂತ ಒಳ್ಳೆಯ ಪದ ಇದೆಯೇ?

ಇನ್ನೊಂದು. ಧಾರವಾಡ ಕಡೆಯ ಗೆಳೆಯರೊಬ್ಬರು ಎಲ್ಲದಕ್ಕೂ 'ಹಚ್ಚು' ಅನ್ನುತ್ತಾರೆ: ಕೇಬಲ್ ಹಚ್ಚು, ಆಂಟೆನಾ ಹಚ್ಚು. ನನಗೆ ತುಂಬಾ ಹಿಡಿಸಿತು. ತಂಗಿಯ ಮಗನಿಗೆ ಹಚ್ಚುವುದು ಅಂದರೆ ದೀಪ, ಇಲ್ಲಾ ತಲೆಗೆ ಎಣ್ಣೆ. ಮೈಸೂರು, ಮಂಗಳೂರು ಕಡೆಯವರು ಹೇಳಿ, 'ಕೋಆಕ್ಸ್ ಹಚ್ಚಿ' ಅಂತ ಓದಿದರೆ ನೀವು ಏನು ಮಾಡುತ್ತೀರಿ?