ಬೈಪಾಸ್ ಆಗಿದೆ, ಕೊಲೆಸ್ಟ್ರಾಲ್ ಇಳಿದಿದೆ. ಇನ್ನೂ ಸ್ಟ್ಯಾಟಿನ್ ಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಮ್ಮಪ್ಪನಿಗೆ 64 ವರ್ಷ. ಐದು ತಿಂಗಳ ಹಿಂದೆ ಬೈಪಾಸ್ ಆಯಿತು. ಎದೆಯ ಒಂದು ರಕ್ತನಾಳ, ಕಾಲಿನಿಂದ ತೆಗೆದ ಎರಡು, ಒಟ್ಟು ಮೂರು ಜೋಡಿಸಿದ್ದಾರೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಅಟೊರ್ವಾಸ್ಟ್ಯಾಟಿನ್ 40 ಮಿ.ಗ್ರಾಂ, ದಿನಾ ರಾತ್ರಿ ಕೊಡುತ್ತಿದ್ದೇವೆ. ಮೊನ್ನೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 62 ಬಂತು. "ನಾರ್ಮಲ್ ಆಯ್ತಲ್ಲ, ಇನ್ನು ಸಾಕು" ಅಂತ ಅಪ್ಪ ಹಟ ಹಿಡಿದಿದ್ದಾರೆ. ತೊಡೆ ನೋವು ಅಂತಲೂ ಹೇಳುತ್ತಾರೆ. ನಿಲ್ಲಿಸಬಹುದಾ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. 62ಕ್ಕೆ ಇಳಿದಿರುವುದೇ ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ.

ಬೈಪಾಸ್‌ನಲ್ಲಿ ಕಟ್ಟಿಕೊಂಡ ನಾಳವನ್ನು ತೊಳೆಯುವುದಿಲ್ಲ, ಪಕ್ಕದಲ್ಲಿ ಹೊಸ ದಾರಿ ಮಾಡುತ್ತಾರೆ ಅಷ್ಟೇ. ಎದೆಯ ನಾಳ ಗಟ್ಟಿ ಆಸಾಮಿ. ಹತ್ತು ವರ್ಷವಾದರೂ ಹತ್ತರಲ್ಲಿ ಸುಮಾರು ಒಂಬತ್ತು ತೆರೆದೇ ಇರುತ್ತವೆ. ನನಗೆ ಚಿಂತೆ ಕಾಲಿನದ್ದರ ಬಗ್ಗೆ. ಅಲ್ಲಿ ಕಡಿಮೆ ಒತ್ತಡದಲ್ಲಿ ಆರಾಮಾಗಿದ್ದ ತೆಳು ನಾಳ ಅದು. ಈಗ ಹೃದಯದ ಪೂರ್ತಿ ಒತ್ತಡ ತಡೆಯಬೇಕು. ಬಿಡಿಸಿ ತೆಗೆಯುವಾಗಲೇ ಒಳಪದರಕ್ಕೆ ಪೆಟ್ಟಾಗಿರುತ್ತದೆ. ಪೆಟ್ಟಾದ ಕಡೆ ಗೋಡೆ ದಪ್ಪವಾಗುತ್ತದೆ, ಆಮೇಲೆ ಕೊಬ್ಬು ಕೂರುತ್ತದೆ.

1997ರಲ್ಲಿ ಅಮೆರಿಕದಲ್ಲಿ 1,351 ಬೈಪಾಸ್ ರೋಗಿಗಳ ಪ್ರಯೋಗದ ಫಲಿತಾಂಶ ಬಂತು. ಎಲ್‌ಡಿಎಲ್ ಅನ್ನು 100ಕ್ಕಿಂತ ಕೆಳಗೆ ಇಳಿಸಿದವರಲ್ಲಿ 27% ಜೋಡಣೆ ನಾಳಗಳಲ್ಲಿ ಕಾಯಿಲೆ ಮುಂದುವರಿದಿತ್ತು. ಅಷ್ಟು ಇಳಿಸದವರಲ್ಲಿ 39%. ಈಗಿನ ಗುರಿ ಇನ್ನೂ ಕಡಿಮೆ: 70ರ ಕೆಳಗೆ, ಸಾಧ್ಯವಾದರೆ 55ರ ಕೆಳಗೆ. ಹಾಗಾಗಿ ಅಪ್ಪನವರ 62 ಅಷ್ಟೇನೂ ಜಾಸ್ತಿ ಇಳಿದಿಲ್ಲ!

ಪ್ರಶ್ನೆ: ಸ್ಟ್ಯಾಟಿನ್ ರಕ್ತನಾಳವನ್ನು ರಿಪೇರಿ ಮಾಡುತ್ತದೆ, ಕಾಂಡಕೋಶ (ಸ್ಟೆಮ್ ಸೆಲ್) ಹೆಚ್ಚಿಸುತ್ತದೆ ಅಂತ ವಾಟ್ಸಾಪ್‌ನಲ್ಲಿ ಓದಿದೆ. ನಿಜಾನಾ?

ಉತ್ತರ: ಅರ್ಧ ನಿಜ. ಒಳಪದರದಲ್ಲಿ ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಹೆಚ್ಚುತ್ತದೆ, ಉರಿಯೂತ ತಗ್ಗುತ್ತದೆ. ಇದು ಖಚಿತ. ಇನ್ನು ಕೋಶದ ಮಾತು. 2001ರಲ್ಲಿ ಜರ್ಮನಿಯಲ್ಲಿ 15 ಹೃದ್ರೋಗಿಗಳಿಗೆ ನಾಲ್ಕು ವಾರ ಅಟೊರ್ವಾಸ್ಟ್ಯಾಟಿನ್ 40 ಕೊಟ್ಟರು. ನಾಳದ ಒಳಪದರ ಕಟ್ಟುತ್ತವೆ ಎನ್ನಲಾದ ಕೋಶಗಳು ರಕ್ತದಲ್ಲಿ ಸುಮಾರು ಮೂರು ಪಟ್ಟಾದವು. ಆದರೆ ಹದಿನೈದೇ ಜನ, ಅಲ್ವಾ? ಅಂಥ ಕೋಶಗಳಲ್ಲಿ ಬಹುಪಾಲು ನಿಜವಾಗಿ ಒಳಪದರವಾಗುವುದಿಲ್ಲ, ಸಹಾಯದ ರಾಸಾಯನಿಕ ಸುರಿಸುತ್ತವೆ ಅಷ್ಟೇ ಎಂದು ಆಮೇಲೆ ಗೊತ್ತಾಯಿತು.

ಆಪರೇಷನ್ನಿಗೆ ಸ್ವಲ್ಪ ಮುಂಚೆ ಶುರು ಮಾಡಿದರೆ ಹೃದಯಕ್ಕೆ ರಕ್ಷಣೆ ಸಿಗುತ್ತದೆ ಅಂತಲೂ ಆಸೆ ಇತ್ತು. ಬೀಜಿಂಗ್‌ನಲ್ಲಿ 1,922 ಜನರಿಗೆ ರೋಸುವಾಸ್ಟ್ಯಾಟಿನ್ ಅಥವಾ ಸುಮ್ನೆ ಹುಸಿಮಾತ್ರೆ ಕೊಟ್ಟು ನೋಡಿದರು. 2016ರಲ್ಲಿ ಫಲಿತಾಂಶ ಬಂತು: ಲಾಭ ಕಾಣಲಿಲ್ಲ, ಬದಲಿಗೆ ಕಿಡ್ನಿಗೆ ಸ್ವಲ್ಪ ಜಾಸ್ತಿ ತೊಂದರೆ. ಸ್ಟ್ಯಾಟಿನ್‌ನ ಕೆಲಸ ವರ್ಷಗಟ್ಟಲೆಯದ್ದು.

ಪ್ರಶ್ನೆ: ಹಾಗಾದರೆ ತೊಡೆ ನೋವು?

ಉತ್ತರ: ಅದನ್ನು ತಳ್ಳಿಹಾಕಬೇಡಿ. ಸಿಪಿಕೆ (ಸ್ನಾಯುವಿಗೆ ಪೆಟ್ಟಾಗಿದೆಯಾ ಎಂದು ತೋರಿಸುವ ರಕ್ತ ಪರೀಕ್ಷೆ), ಥೈರಾಯ್ಡ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ನಾಳ ತೆಗೆದ ಕಾಲೇ ನೋಯುತ್ತಿದೆಯಾ ಎಂದೂ ಕೇಳಿ, ಆಗ ಕಾರಣ ಗಾಯವಿರಬಹುದು. ಮಾತ್ರೆಯದ್ದೇ ಆದರೆ ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು, ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಮಾತ್ರೆ ಎಜೆಟಿಮೈಬ್ ಸೇರಿಸಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಬನ್ನಿ. ಅಂದಹಾಗೆ, ಮನೆಯಲ್ಲಿ ಚಕ್ಕೋತ ಹಣ್ಣು ತಿನ್ನುತ್ತಾರಾ? ಅದು ಅಟೊರ್ವಾಸ್ಟ್ಯಾಟಿನ್ ದೇಹದಲ್ಲಿ ಜಾಸ್ತಿ ಉಳಿಯುವಂತೆ ಮಾಡಬಹುದು.

ಪ್ರಶ್ನೆ: ಅಯ್ಯೋ, ಹಿತ್ತಲಲ್ಲೇ ಮರ ಇದೆ ಸರ್. ದಿನಾ ಒಂದು ತಿನ್ನುತ್ತಾರೆ!

ಉತ್ತರ: ಸದ್ಯಕ್ಕೆ ಪಕ್ಕದ ಮನೆಯವರಿಗೆ ಕೊಡಿ. ರಕ್ತ ಪರೀಕ್ಷೆ ನಾಳೆಯೇ ಆಗಲಿ.