ಹಳೆಯ ಆಂಪ್ಲಿಫೈಯರಿಗೆ ಚಿಕ್ಕ ಡ್ಯಾಕ್ ಜೋಡಿಸಿದರೆ ತಂಬೂರಿಯ ನಾದ ಸ್ವಚ್ಛವಾಗಿ ಕೇಳೀತೇ?

ಪ್ರಶ್ನೆ: ನವನಗರದ ಶ್ರೋತೃ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಬಳಸುತ್ತಿದ್ದ ಸ್ಟೀರಿಯೊ ಆಂಪ್ಲಿಫೈಯರ್ ಮತ್ತು ಮರದ ಪೆಟ್ಟಿಗೆಯ ಒಂದು ಜೊತೆ ಸ್ಪೀಕರ್‌ಗಳು ಇನ್ನೂ ಸುಸ್ಥಿತಿಯಲ್ಲಿವೆ. ಕ್ಯಾಸೆಟ್ ಡೆಕ್ ನಿಂತುಹೋದ ಮೇಲೆ ಲ್ಯಾಪ್‌ಟಾಪಿನ ಇಯರ್‌ಫೋನ್ ಸಾಕೆಟ್ಟಿನಿಂದ ಒಂದು ವಾಯರ್ ಎಳೆದು, ಆಂಪ್ಲಿಫೈಯರಿನ ಹಿಂಬದಿಯ ಕೆಂಪು-ಬಿಳಿ ಸಾಕೆಟ್ಟುಗಳಿಗೆ ಸಿಕ್ಕಿಸಿ ಹಾಡು ಕೇಳುತ್ತಿದ್ದೇವೆ. ಟಿವಿಯ ಧ್ವನಿ ಮಾತ್ರ ಇನ್ನೂ ಅದರ ಒಳಗಿನ ಸಣ್ಣ ಸ್ಪೀಕರಿನಿಂದಲೇ ಬರುತ್ತದೆ.

ನಮ್ಮ ಮನೆಯಲ್ಲಿ ಹೆಚ್ಚಾಗಿ ಕೇಳುವುದು ಹಿಂದೂಸ್ತಾನಿ ಗಾಯನ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಧ್ವನಿಮುದ್ರಣಗಳಲ್ಲಿ ಗಾಯಕರ ದನಿ ಚೆನ್ನಾಗಿಯೇ ಕೇಳುತ್ತದೆ. ಆದರೆ ಹಿಂದಿನ ತಂಬೂರಿ ಮಂಜು ಕವಿದಂತೆ ಮಸುಕಾಗಿರುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಚ್ಚಿದ ಕೂಡಲೇ ಸ್ಪೀಕರಿನಿಂದ ಸಣ್ಣಗೆ ‘ಗುಂಯ್’ ಎನ್ನುವ ಸದ್ದು ಶುರುವಾಗುತ್ತದೆ, ಮೌಸ್ ಸರಿಸಿದಾಗ ಚರಚರ ಎನ್ನುತ್ತದೆ. ಆನ್‌ಲೈನಿನಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಡ್ಯಾಕ್‌ಗಳು (ಡಿಜಿಟಲ್ ಧ್ವನಿಯನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ ಪೆಟ್ಟಿಗೆಗಳು) ಮಾರಾಟಕ್ಕಿವೆ. 32 ಬಿಟ್, 384 ಕಿಲೊಹರ್ಟ್ಸ್ ಎಂದೆಲ್ಲ ಅವುಗಳ ಮೇಲೆ ಬರೆದಿರುತ್ತದೆ. ಅಂಥದ್ದೊಂದನ್ನು ಕೊಂಡರೆ ನಮ್ಮ ತೊಂದರೆ ನಿವಾರಣೆಯಾಗುವುದೇ, ಅಥವಾ ಆ ಹಣವನ್ನು ಬೇರೆಯದಕ್ಕೆ ಇಡುವುದು ಲೇಸೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಟಿಳಕವಾಡಿ, ಬೆಳಗಾವಿ

ಸರ್, ತಾವು ಕೇಳಿದ್ದು ಒಂದು ಪ್ರಶ್ನೆಯಂತೆ ಕಂಡರೂ ಅದರಲ್ಲಿ ಮೂರು ಬೇರೆ ಬೇರೆ ದೋಷಗಳು ಸೇರಿಕೊಂಡಿವೆ. ಯಾವುದು ಎಲ್ಲಿಂದ ಬರುತ್ತಿದೆ ಎಂಬುದನ್ನು ಕಂಡುಕೊಳ್ಳದೆ ಏನನ್ನೂ ಕೊಳ್ಳಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಡ್ಯಾಕ್ ಎಂಬುದು ತಮ್ಮ ಲ್ಯಾಪ್‌ಟಾಪಿನಲ್ಲಿ ಈಗಾಗಲೇ ಇದೆ; ಇಲ್ಲದಿದ್ದರೆ ಆ ಸಾಕೆಟ್ಟಿನಿಂದ ಸದ್ದೇ ಹೊರಡುತ್ತಿರಲಿಲ್ಲ. ಸಿಡಿಯಲ್ಲಾಗಲಿ, ಕಂಪ್ಯೂಟರಿನ ಫೈಲಿನಲ್ಲಾಗಲಿ ಇರುವುದು ಬರೀ ಅಂಕಿಗಳು. ಸಿಡಿಯಲ್ಲಿ ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 44,100 ಮಾದರಿಗಳು, ಒಂದೊಂದೂ 16 ಬಿಟ್‌ನದು; ಎರಡೂ ಚಾನೆಲ್ ಸೇರಿ ಸೆಕೆಂಡಿಗೆ ಸುಮಾರು 1,411 ಕಿಲೊಬಿಟ್. ಆ ಅಂಕಿಗಳನ್ನು ಏರಿಳಿಯುವ ವೋಲ್ಟೇಜನ್ನಾಗಿ ಮಾರ್ಪಡಿಸಿ ಆಂಪ್ಲಿಫೈಯರಿಗೆ ಒಪ್ಪಿಸುವುದಷ್ಟೇ ಡ್ಯಾಕ್‌ನ ಕೆಲಸ. ಲ್ಯಾಪ್‌ಟಾಪಿನೊಳಗೆ ಈ ಸೂಕ್ಷ್ಮ ಕೆಲಸವು ಪ್ರೊಸೆಸರ್, ವೈಫೈ, ಫ್ಯಾನ್ ಮುಂತಾದವುಗಳ ವಿದ್ಯುತ್ ಗದ್ದಲದ ಪಕ್ಕದಲ್ಲೇ ನಡೆಯುವುದರಿಂದ, ಆ ಗದ್ದಲದ ಸ್ವಲ್ಪ ಪಾಲು ಧ್ವನಿಯೊಳಗೂ ನುಸುಳುತ್ತದೆ. ಹೊರಗಿನ ಡ್ಯಾಕ್ ಈ ಪರಿವರ್ತನೆಯನ್ನು ಆ ಜಾಗದಿಂದ ಆಚೆ ತರುತ್ತದೆ. ಜೊತೆಗೆ, ಮೇಜಿನ ಮೇಲಿಡುವ ಡ್ಯಾಕ್‌ಗಳ ಆರ್‌ಸಿಎ (ಕೆಂಪು-ಬಿಳಿ ಸಾಕೆಟ್ಟಿನ) ಔಟ್‌ಪುಟ್ ಸಾಮಾನ್ಯವಾಗಿ 2 ವೋಲ್ಟ್‌ನಷ್ಟಿರುತ್ತದೆ, ಸಿಡಿ ಪ್ಲೇಯರುಗಳದೂ ಅಷ್ಟೇ. ಇಯರ್‌ಫೋನ್ ಸಾಕೆಟ್ಟಿನದು ಬಹಳ ಕಡೆ ಅದಕ್ಕಿಂತ ಕಡಿಮೆಯಾದ್ದರಿಂದ ಆಂಪ್ಲಿಫೈಯರಿನ ವಾಲ್ಯೂಮ್ ಹೆಚ್ಚು ತಿರುಗಿಸಬೇಕಾಗುತ್ತದೆ, ಆಗ ಗದ್ದಲವೂ ಜೊತೆಗೇ ಏರುತ್ತದೆ.

ಈಗ ಪರೀಕ್ಷೆ. ಚಾರ್ಜರ್ ಹಚ್ಚಿದ ಸ್ಥಿತಿಯಲ್ಲಿಯೇ ಆಂಪ್ಲಿಫೈಯರಿನ ವಾಯರ್ ಬಿಚ್ಚಿ, ಅದೇ ಸಾಕೆಟ್ಟಿಗೆ ಒಂದು ಇಯರ್‌ಫೋನ್ ಹಾಕಿ ಕೇಳಿರಿ. ಚರಚರ ಶಬ್ದ ಅಲ್ಲಿಯೂ ಕೇಳಿಸಿದರೆ ಅದು ಲ್ಯಾಪ್‌ಟಾಪಿನ ಒಳಗಿನ ದೋಷ. ಯುಎಸ್‌ಬಿ ಡ್ಯಾಕ್ ಅದಕ್ಕೆ ಸರಿಯಾದ ಮದ್ದು. ಇಯರ್‌ಫೋನಿನಲ್ಲಿ ನಿಶ್ಶಬ್ದವಾಗಿದ್ದು, ಆಂಪ್ಲಿಫೈಯರಿಗೆ ಜೋಡಿಸಿದಾಗ ಮಾತ್ರ ಸದ್ದು ಬಂದರೆ ಅದು ಗ್ರೌಂಡ್ ಲೂಪ್. ಚಾರ್ಜರಿನ ಮೂರನೆಯ ಪಿನ್ನಿನ ಮೂಲಕ ಲ್ಯಾಪ್‌ಟಾಪ್ ಅರ್ಥಿಂಗಿಗೆ ಸೇರಿರುತ್ತದೆ, ಆಂಪ್ಲಿಫೈಯರ್ ತನ್ನ ಪ್ಲಗ್ಗಿನಿಂದ ಬೇರೆ ದಾರಿಯಲ್ಲಿ ಸೇರಿರುತ್ತದೆ. ಆಡಿಯೊ ವಾಯರ್ ಇವೆರಡನ್ನೂ ಬೆಸೆದಾಗ ಒಂದು ಸುತ್ತು ಪೂರ್ಣವಾಗಿ, ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆ ಆ ದಾರಿಯಲ್ಲಿ ಹರಿಯುತ್ತದೆ. ಆಮೇಲೆ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ನಡೆಸಿ ನೋಡಿರಿ. ಗುಂಯ್ ನಿಂತರೆ ಸಂಶಯ ಬೇಡ.

ಜಾಹೀರಾತುಗಳು ಮರೆಮಾಚುವ ಸಂಗತಿ ಇದು: ಗ್ರೌಂಡ್ ಲೂಪ್ ಇದ್ದಾಗ ಯುಎಸ್‌ಬಿ ಡ್ಯಾಕ್ ಹಾಕಿದರೂ ಗುಂಯ್ ಉಳಿಯಬಹುದು, ಏಕೆಂದರೆ ಯುಎಸ್‌ಬಿ ಕೇಬಲಿನ ಗ್ರೌಂಡ್ ತಂತಿಯು ಅದೇ ಸುತ್ತನ್ನು ಮುಂದುವರಿಸುತ್ತದೆ. ಆಪ್ಟಿಕಲ್ ಕೇಬಲಿನಲ್ಲಾದರೆ ಹರಿಯುವುದು ಬೆಳಕು, ತಂತಿಯೇ ಇಲ್ಲ. ಲೂಪ್ ಅಲ್ಲಿಗೆ ಕಡಿಯುತ್ತದೆ. ಮೊದಲು ಲ್ಯಾಪ್‌ಟಾಪ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಚ್ಚಿ ನೋಡಿರಿ, ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಸದ್ದು ಅಡಗುತ್ತದೆ. ಆದರೆ ಯಾರು ಹೇಳಿದರೂ ಚಾರ್ಜರಿನ ಅರ್ಥ್ ಪಿನ್ ಮುರಿಯಬೇಡಿ. ಅದು ಇರುವುದು ಮನುಷ್ಯರ ಜೀವ ಕಾಯಲಿಕ್ಕೆ.

ತಂಬೂರಿ ಮಸುಕಾಗಿರುವುದಕ್ಕೂ ಈ ಗುಂಯ್‌ಗೂ ಸಂಬಂಧವಿರಬಹುದು. ಗಾಯಕರು ಹಾರ್ಮೋನಿಯಂನ ಕಾಳಿ ಒಂದನ್ನು (ಮೊದಲ ಕಪ್ಪು ಮನೆಯನ್ನು) ಷಡ್ಜವಾಗಿ ಹಿಡಿದರೆ ಅದು ಸುಮಾರು 138.6 ಹರ್ಟ್ಸ್, ತಂಬೂರಿಯ ಮೊದಲ ತಂತಿಯಾದ ಮಂದ್ರ ಪಂಚಮ ಆಗ ಸುಮಾರು 104 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಮನೆಯ ವಿದ್ಯುತ್ತಿನ ಗುಂಯ್‌ನಲ್ಲಿ 50 ಹರ್ಟ್ಸ್‌ನ ಜೊತೆಗೆ ಅದರ ಇಮ್ಮಡಿಯಾದ 100 ಹರ್ಟ್ಸ್ ಕೂಡ ಇರುತ್ತದೆ. 100 ಮತ್ತು 104 ಎಷ್ಟು ಸಮೀಪವಿವೆಯೆಂದರೆ, ಪಂಚಮದ ಪಕ್ಕದಲ್ಲಿ ಯಾರೋ ಶ್ರುತಿ ತಪ್ಪಿ ಗುನುಗುತ್ತಿರುವಂತೆ ಅವು ಒಂದಕ್ಕೊಂದು ಉಜ್ಜುತ್ತವೆ. ಇದರಿಂದ ತಂಬೂರಿ ಕಲಕಿದಂತೆ ಕೇಳಬಹುದು.

ಇನ್ನು 32 ಬಿಟ್, 384 ಕಿಲೊಹರ್ಟ್ಸ್ ಎಂಬ ಅಂಕಿಗಳಿಗೆ ಮರುಳಾಗಬೇಡಿ. ಮನುಷ್ಯನ ಕಿವಿ ಹೆಚ್ಚೆಂದರೆ 20 ಕಿಲೊಹರ್ಟ್ಸ್‌ವರೆಗೆ ಕೇಳುತ್ತದೆ, ವಯಸ್ಸಾದಂತೆ ಆ ಮಿತಿ ಇಳಿಯುತ್ತದೆ, 44.1 ಕಿಲೊಹರ್ಟ್ಸ್ ಅಷ್ಟನ್ನು ಹಿಡಿದಿಡಲು ಸಾಕು. 16 ಬಿಟ್‌ನ ಧ್ವನಿವ್ಯಾಪ್ತಿ ಸುಮಾರು 96 ಡೆಸಿಬೆಲ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ5102ಎ ಎಂಬ ಅಗ್ಗದ ಚಿಪ್ಪಿನ ವಿವರಪಟ್ಟಿಯಲ್ಲಿಯೇ 112 ಡೆಸಿಬೆಲ್ ಎಂದಿದೆ. ಆದ್ದರಿಂದ ಯಾವ ಚಿಪ್ ಎನ್ನುವುದಕ್ಕಿಂತ ಪವರ್ ಎಷ್ಟು ಸ್ವಚ್ಛವಾಗಿದೆ, ತಮಗೆ ಬೇಕಾದ ಸಾಕೆಟ್ ಇದೆಯೇ ಎಂಬುದನ್ನು ನೋಡುವುದು ಒಳ್ಳೆಯದು.

ಉತ್ತರ: ಗುಮ್ಮಟದ ಊರಿನವ, ವಿಜಯಪುರ

ಬೆಳಗಾವಿಯ ಸದಸ್ಯರು ಬರೆದುದನ್ನು ಒಪ್ಪುತ್ತೇನೆ. ಆದರೂ ಹಣ ಹಾಕುವ ಕ್ರಮದ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಗುಂಯ್, ಚರಚರ ಇಲ್ಲದ ಕಡೆ ಒಂದು ಸಾಧಾರಣ ಡ್ಯಾಕ್‌ಗೂ ದುಬಾರಿ ಡ್ಯಾಕ್‌ಗೂ ಇರುವ ವ್ಯತ್ಯಾಸವನ್ನು ಕಿವಿಯಿಂದ ಗುರುತಿಸುವುದು ಅತಿ ಕಷ್ಟ. ಸ್ಪೀಕರ್ ಮತ್ತು ಕೋಣೆಯ ವ್ಯತ್ಯಾಸವನ್ನಾದರೋ ಮಕ್ಕಳೂ ಗುರುತಿಸುತ್ತಾರೆ.

ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಮ್ಮೆ ಕೂಗಿದ ದನಿ ಮತ್ತೆ ಮತ್ತೆ ಮರಳಿ ಬರುವುದನ್ನು ನಮ್ಮ ಜಿಲ್ಲೆಗಳವರೆಲ್ಲ ಕೇಳಿದ್ದೇವೆ. ಕಲ್ಲು ಮತ್ತು ಗಾರೆಯ ಗಟ್ಟಿ ಮೈ ಸದ್ದನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಅಲ್ಲಿ ಅಂತರ ದೊಡ್ಡದಾದ್ದರಿಂದ ಪ್ರತಿಧ್ವನಿಗಳು ಬೇರೆ ಬೇರೆಯಾಗಿ ಕೇಳುತ್ತವೆ. ಫರಸಿ ನೆಲ, ಸಿಮೆಂಟ್ ಗಿಲಾವಿನ ಗೋಡೆ, ಆರ್‌ಸಿಸಿ ಛತ್ತು ಇರುವ ನಮ್ಮ ಪಡಸಾಲೆಗಳಲ್ಲಿ ಅವು ಕೆಲವೇ ಮಿಲಿಸೆಕೆಂಡುಗಳಲ್ಲಿ ಮರಳುವುದರಿಂದ ಪ್ರತಿಧ್ವನಿಯಾಗಿ ತೋರದೆ ಮೂಲ ದನಿಯೊಳಗೇ ಬೆರೆತು ಅದನ್ನು ಕದಡುತ್ತವೆ. ತಂಬೂರಿಯ ಜವಾರಿಯಿಂದ (ತಂತಿ ಕುದುರೆಯ ಮೇಲೆ ಸವರಿ ಮೂಡುವ ಝೇಂಕಾರದಿಂದ) ಹುಟ್ಟುವ ನವಿರಾದ ಉಪಸ್ವರಗಳು ಮೊದಲು ಹಾಳಾಗುವುದು ಇದರಿಂದಲೇ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿರಿ. ಅದರ ಹಿಂದೆಯೇ ಲೋಹದ ತಗಡು ಕಂಪಿಸಿದಂತೆ ‘ಝರ್’ ಎಂದು ಕೇಳಿಸಿದರೆ ಕೋಣೆಗೆ ಉಪಚಾರ ಬೇಕು.

ಉಪಚಾರಕ್ಕೆ ಖರ್ಚಿಲ್ಲ. ಸ್ಪೀಕರಿಗೂ ತಾವು ಕುಳಿತುಕೊಳ್ಳುವ ಜಾಗಕ್ಕೂ ನಡುವೆ ಒಂದು ದಪ್ಪನೆಯ ಜಮಖಾನೆ ಹಾಸಿರಿ. ಬೇಸಿಗೆಯಲ್ಲಿ ಪೆಟ್ಟಿಗೆ ಸೇರುವ ಅಜ್ಜಿಯ ಕೌದಿಗಳನ್ನು, ಸ್ಪೀಕರಿನ ಸದ್ದು ಮೊದಲು ಬಡಿಯುವ ಪಕ್ಕದ ಗೋಡೆಗೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿರಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಮೇಲಿನ ಸ್ಥಾಯಿಯ ಸದ್ದನ್ನು ಚೆನ್ನಾಗಿ ಹೀರುತ್ತದೆ. ಸ್ಪೀಕರನ್ನು ಮೂಲೆಗೆ ಒತ್ತರಿಸಿ ಇಟ್ಟರೆ ಮಂದ್ರದ ಸದ್ದು ಉಬ್ಬಿಕೊಂಡು ತಬಲಾದ ಡಗ್ಗಾ ಒಂದೇ ಸಮ ಗುಡುಗುತ್ತದೆ. ಹಳೆಯ ಸ್ಪೀಕರಾದ್ದರಿಂದ ಕೋನಿನ ಅಂಚಿನ ಫೋಮ್ ಪುಡಿಯಾಗಿದೆಯೇ ಎಂದು ಮುಂಭಾಗದ ಬಟ್ಟೆ ತೆಗೆದು ನೋಡಬೇಕು. ಈ ಕೆಲಸಗಳೆಲ್ಲ ಮುಗಿದ ಮೇಲೆ ಡ್ಯಾಕ್ ತರಬಹುದು.

ಕೊಳ್ಳುವ ಮುನ್ನ ಅಥವಾ ಕೊಂಡ ಮೇಲೆ ಹೋಲಿಸಿ ನೋಡುವಾಗ ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿರಿ. ಸ್ವಲ್ಪವೇ ಜೋರಾಗಿರುವುದು ನಮ್ಮ ಕಿವಿಗೆ ‘ಹೆಚ್ಚು ಸ್ಪಷ್ಟ’ ಎನಿಸುತ್ತದೆ, ಅದೂ ಜೋರು ಎಂಬ ಅರಿವೇ ಇಲ್ಲದೆ. 200 ಹರ್ಟ್ಸ್‌ನ ಒಂದು ಸ್ವರ ನುಡಿಸಿ, ಸ್ಪೀಕರಿನ ತುದಿಗಳಲ್ಲಿ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟೇಜ್ ಒಂದೇ ಬರುವಂತೆ ಹೊಂದಿಸಿದರೆ ಹೋಲಿಕೆ ನ್ಯಾಯವಾಗಿರುತ್ತದೆ.

ಉತ್ತರ: ಇಳಕಲ್ ಸದಸ್ಯ

ಟಿವಿಯ ಬಗ್ಗೆ ಮಾತ್ರ ಎರಡು ಮಾತು. ಟಿವಿಯ ಹಿಂದೆ ಆಪ್ಟಿಕಲ್ ಸಾಕೆಟ್ ಇದ್ದರೆ ಚಿಕ್ಕ ಆಪ್ಟಿಕಲ್ ಡ್ಯಾಕ್ ಮೂಲಕ ಆಂಪ್ಲಿಫೈಯರಿಗೆ ಕೊಡಬಹುದು. ಆದರೆ ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ‘ಪಿಸಿಎಂ’ಗೆ (ಕುಗ್ಗಿಸದ ಸಾದಾ ಡಿಜಿಟಲ್ ಧ್ವನಿಗೆ) ಬದಲಿಸಲೇಬೇಕು. ‘ಡಾಲ್ಬಿ’ ಅಥವಾ ‘ಆಟೊ’ದಲ್ಲಿ ಬಿಟ್ಟರೆ ಈ ಚಿಕ್ಕ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳಿಗೆ ಅದನ್ನು ಬಿಡಿಸಲು ಬಾರದು, ಒಂದೋ ಸದ್ದೇ ಇರುವುದಿಲ್ಲ, ಇಲ್ಲವೇ ಕರಕರ ಎನ್ನುತ್ತದೆ. ಡ್ಯಾಕ್ ಕೆಟ್ಟಿದೆಯೆಂದು ತಿಳಿದು ಮರಳಿ ಕಳಿಸುವವರು ಬಹಳ ಜನ ಇದ್ದಾರೆ. ಮತ್ತು ಆಂಪ್ಲಿಫೈಯರಿನಲ್ಲಿ ‘ಫೋನೊ’ ಎಂದು ಬರೆದ ಸಾಕೆಟ್ಟಿಗೆ ಡ್ಯಾಕ್ ಜೋಡಿಸಬಾರದು, ಅದು ಗ್ರಾಮೊಫೋನ್ ಪಿನ್ನಿನ ಕೆಲವೇ ಮಿಲಿವೋಲ್ಟ್‌ಗಳಿಗಾಗಿ ಮಾಡಿದ್ದು. ‘ಆಕ್ಸ್’, ‘ಸಿಡಿ’, ‘ಟೇಪ್’ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ.

ನವನಗರದ ಶ್ರೋತೃ, ಬಾಗಲಕೋಟೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೇಳಿದಂತೆ ಪರೀಕ್ಷಿಸಿದೆ. ಇಯರ್‌ಫೋನಿನಲ್ಲಿ ಚರಚರ ಕೇಳಿಸುತ್ತದೆ, ಗುಂಯ್ ಕೇಳಿಸುವುದಿಲ್ಲ. ಚಾರ್ಜರ್ ತೆಗೆದರೆ ಗುಂಯ್ ಪೂರ್ತಿ ನಿಲ್ಲುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಹಚ್ಚಿದಾಗ ಬಹಳ ಕಡಿಮೆಯಾಯಿತು, ಆದರೆ ರಾತ್ರಿಯ ಹೊತ್ತು ಕಿವಿಗೊಟ್ಟರೆ ಸ್ವಲ್ಪ ಉಳಿದಿದೆ. ಜಮಖಾನೆ ಹಾಸಿ, ಸ್ಪೀಕರುಗಳನ್ನು ಮೂಲೆಯಿಂದ ಈಚೆ ತಂದ ಮೇಲೆ ಆದ ಬದಲಾವಣೆಯನ್ನು ನಮ್ಮ ತಾಯಿಯವರು ಅಡುಗೆಮನೆಯಿಂದಲೇ ಗುರುತಿಸಿ, ಏನು ಹೊಸದು ತಂದಿರಿ ಎಂದು ಕೇಳಿದರು. ಟಿವಿಗೆ ಆಪ್ಟಿಕಲ್ ಸಾಕೆಟ್ ಇದೆ, ಲ್ಯಾಪ್‌ಟಾಪಿಗೆ ಇಲ್ಲ. ಟಿವಿಗೂ ಹಾಡಿಗೂ ಒಂದೇ ಡ್ಯಾಕ್ ಸಾಲುವುದೇ?

ಟಿಳಕವಾಡಿ, ಬೆಳಗಾವಿ

ಸಾಲುತ್ತದೆ. ಆಪ್ಟಿಕಲ್ ಮತ್ತು ಯುಎಸ್‌ಬಿ ಎರಡೂ ಇನ್‌ಪುಟ್ ಇರುವ, ಆರ್‌ಸಿಎ ಔಟ್‌ಪುಟ್ಟಿನ ಡ್ಯಾಕ್ ತೆಗೆದುಕೊಳ್ಳಿರಿ. ಚರಚರ ಲ್ಯಾಪ್‌ಟಾಪಿನ ಒಳಗಿನದೇ ಎಂಬುದು ಖಚಿತವಾದ್ದರಿಂದ ಈಗ ಈ ಖರ್ಚಿಗೆ ಅರ್ಥವಿದೆ. ಉಳಿದ ಗುಂಯ್‌ಗೆ ಲ್ಯಾಪ್‌ಟಾಪಿನ ಬದಲು ಮನೆಯಲ್ಲಿರುವ ಹಳೆಯ ಫೋನನ್ನು ಓಟಿಜಿ ಕೇಬಲಿನಿಂದ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಕೇಬಲ್) ಡ್ಯಾಕ್‌ಗೆ ಜೋಡಿಸಿರಿ. ಬ್ಯಾಟರಿಯ ಮೇಲೆ ನಡೆಯುವ ಫೋನಿಗೆ ಅರ್ಥಿಂಗಿನ ಸಂಪರ್ಕವೇ ಇರುವುದಿಲ್ಲವಾದ್ದರಿಂದ ಆ ಕಡೆಯಿಂದ ಲೂಪ್ ಹುಟ್ಟುವುದಿಲ್ಲ. ಸಂಗೀತದ ಫೈಲುಗಳನ್ನು ಫ್ಲಾಕ್ (ಧ್ವನಿಯ ಗುಣ ಕಳೆಯದೆ ಕುಗ್ಗಿಸುವ) ರೂಪದಲ್ಲಿ ಅದರ ಮೆಮೊರಿ ಕಾರ್ಡಿಗೆ ತುಂಬಿಡಬಹುದು. ಲ್ಯಾಪ್‌ಟಾಪೇ ಬೇಕೆಂದರೆ ನಡುವೆ ಯುಎಸ್‌ಬಿ ಐಸೊಲೇಟರ್ (ಎರಡೂ ಕಡೆಯ ತಂತಿಯ ಸಂಪರ್ಕ ಕಡಿದು ಸಂಕೇತವನ್ನು ಮಾತ್ರ ದಾಟಿಸುವ ಸಾಧನ) ಹಾಕಬೇಕಾಗುತ್ತದೆ, ಅದು ಇನ್ನೊಂದು ಖರ್ಚು.

ಡ್ಯಾಕ್‌ಗೆ ಪವರನ್ನು ಟಿವಿಯ ಯುಎಸ್‌ಬಿ ಪೋರ್ಟಿನಿಂದ ಕೊಡಬೇಡಿ. ಹಾಗೆ ಕೊಟ್ಟರೆ ಆಪ್ಟಿಕಲ್ ಕೇಬಲ್ ಕಡಿದ ಸಂಪರ್ಕವನ್ನು ಆ ಪವರ್ ತಂತಿಯೇ ಮತ್ತೆ ಬೆಸೆಯುತ್ತದೆ. ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಸಾಕು. ಅನೇಕ ಟಿವಿಗಳಲ್ಲಿ ಆಪ್ಟಿಕಲ್ ಔಟ್‌ಪುಟ್ಟಿನ ಮಟ್ಟ ಸ್ಥಿರವಾಗಿದ್ದು, ರಿಮೋಟಿನ ವಾಲ್ಯೂಮ್ ಗುಂಡಿಗೆ ಅದು ಕದಲುವುದಿಲ್ಲ. ಮೊದಲ ಸಲ ಜೋಡಿಸುವಾಗ ಆಂಪ್ಲಿಫೈಯರಿನ ವಾಲ್ಯೂಮನ್ನು ಪೂರ್ತಿ ಕೆಳಗಿಳಿಸಿ, ಆಮೇಲೆ ನಿಧಾನವಾಗಿ ಏರಿಸಿರಿ.