ಪದಚರ್ಚೆ: ‘ಶಾಶ್ವತ ಸಂಗ್ರಹ’ದಲ್ಲಿ ಶಾಶ್ವತ ಯಾವುದು?

ಬಲ್ಲವರಿಗೆ ನಮಸ್ಕಾರ.

ಪ್ರಾದೇಶಿಕ ಕಲಾ ಮ್ಯೂಸಿಯಂ ಒಂದು ತನ್ನ ಪರ್ಮನೆಂಟ್ ಕಲೆಕ್ಷನ್‌ನಿಂದ ಒಂದಷ್ಟು ಕೃತಿಗಳನ್ನು ಆಯ್ದು ಪ್ರದರ್ಶನಕ್ಕೆ ಇಡುತ್ತಿದೆ. ಗೋಡೆಬರಹ, ಚಿತ್ರದ ಪಕ್ಕದ ಚೀಟಿ, ಕೈಪಿಡಿ ಎಲ್ಲವನ್ನೂ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಚೀಟಿಗಳೆಲ್ಲ ಮುಗಿದವು, ತಲೆಬರಹ ಮಾತ್ರ ಮುಗಿಯುತ್ತಿಲ್ಲ. ಕರಡಿನಲ್ಲಿ ಯಾರೋ ‘ಶಾಶ್ವತ ಸಂಗ್ರಹ’ ಎಂದು ಬರೆದಿಟ್ಟಿದ್ದಾರೆ. ಅದನ್ನು ಹಾಗೇ ಬಿಡಲು ಮನಸ್ಸಾಗದೆ ನಿಮ್ಮ ಮುಂದಿಡುತ್ತಿದ್ದೇನೆ.

ನನ್ನ ತಕರಾರು ಇಷ್ಟು. ಮ್ಯೂಸಿಯಂನವರ ಬಾಯಲ್ಲಿ ಪರ್ಮನೆಂಟ್ ಅನ್ನುವ ಮಾತು ಒಡೆತನಕ್ಕೆ ಸಂಬಂಧಿಸಿದ್ದು. ಕೊಂಡದ್ದು, ದಾನವಾಗಿ ಬಂದದ್ದು, ಉಯಿಲಿನಲ್ಲಿ ಬಂದದ್ದು, ದಾಖಲೆ ಪುಸ್ತಕದಲ್ಲಿ ನಂಬರು ಬಿದ್ದು ಒಳಗೆ ಸೇರಿದ್ದು. ಇದಕ್ಕೆ ಎದುರು ಪದ ಎರವಲು ತಂದದ್ದು. ಗೋಡೆಯ ಮೇಲೆ ಸದಾ ತೂಗಿರುವುದಕ್ಕೂ ಇದಕ್ಕೂ ನಂಟಿಲ್ಲ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಸುಮಾರು 5 ಲಕ್ಷ ವಸ್ತುಗಳಿವೆ, ನೋಡಲು ಸಿಗುವುದು ಸುಮಾರು 35,000. ಕಾಗದದ ಮೇಲಿನ ಚಿತ್ರಗಳ ಕತೆಯಂತೂ ಬೇರೆಯೇ: 50 ಲಕ್ಸ್‌ನ ಮಂದ ಬೆಳಕಿನಲ್ಲಿ ಕೆಲವು ತಿಂಗಳು ಇಟ್ಟು, ಆಮೇಲೆ ವರ್ಷಗಟ್ಟಲೆ ಕತ್ತಲೆಯ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ, ಇಲ್ಲದಿದ್ದರೆ ಬಣ್ಣ ಮಾಸುತ್ತದೆ. ‘ಶಾಶ್ವತ ಸಂಗ್ರಹ’ ಎಂಬ ಫಲಕ ಓದಿ ಒಳಗೆ ಬಂದವರು, ಹೋದ ಸಲ ಕಂಡ ಜಲವರ್ಣ ಈ ಸಲ ಏಕಿಲ್ಲ ಎಂದು ಕೇಳಿದರೆ ತಪ್ಪು ಅವರದ್ದಲ್ಲ.

ಒಡೆತನವಾದರೂ ಶಾಶ್ವತವೇ? ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 1929ರಲ್ಲಿ ಶುರುವಾಯಿತು. ಅದರ ಮೊದಲ ನಿರ್ದೇಶಕ ಆಲ್ಫ್ರೆಡ್ ಬಾರ್ ತನ್ನ ಸಂಗ್ರಹವನ್ನು ಕಾಲದಲ್ಲಿ ಮುನ್ನುಗ್ಗುವ ಟಾರ್ಪಿಡೊಗೆ ಹೋಲಿಸಿದ್ದ: ಮೂತಿ ವರ್ತಮಾನದಲ್ಲಿ, ಬಾಲ ಐವತ್ತು–ನೂರು ವರ್ಷ ಹಿಂದೆ. ಟಾರ್ಪಿಡೊ ಮುಂದೆ ಹೋದಂತೆ ಹಳತಾದ ಕೃತಿಗಳನ್ನು ದಾಟಿಸಿಬಿಡಬೇಕು ಎಂಬುದು ಲೆಕ್ಕ. 1947ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ಜೊತೆ ಅಂಥ ಒಪ್ಪಂದವೂ ಆಯಿತು. ಆಧುನಿಕ ಕಲಾ ಮ್ಯೂಸಿಯಂನವರು ಮನಸ್ಸು ಬದಲಿಸಿ, ಮೇರುಕೃತಿಗಳನ್ನು ನಾವೇ ಇಟ್ಟುಕೊಳ್ಳುತ್ತೇವೆ ಎಂದು ಸಾರಿದ್ದು 1953ರಲ್ಲಿ. ಅಂದರೆ ಪರ್ಮನೆಂಟ್ ಎನ್ನುವುದು ಒಂದು ಆಡಳಿತ ಮಂಡಳಿ ತೆಗೆದುಕೊಂಡ ತೀರ್ಮಾನ. ಫ್ರಾನ್ಸಿನಲ್ಲಿ ಸಾರ್ವಜನಿಕ ಸಂಗ್ರಹವನ್ನು ಪರಭಾರೆ ಮಾಡುವಂತಿಲ್ಲ ಎಂಬ ಕಾನೂನೇ ಇದೆ. ಆದರೂ ಬೆನಿನ್ ದೇಶದ 26 ವಸ್ತುಗಳನ್ನು ಹಿಂದಿರುಗಿಸಲು 2020ರಲ್ಲಿ ಅಲ್ಲಿನ ಸಂಸತ್ತು ಬೇರೊಂದು ಕಾನೂನು ಮಾಡಿತು. ನಿಜವಾಗಿ ಶಾಶ್ವತ ಅನ್ನಬಹುದಾದದ್ದು ಬಾಸ್ಟನ್ನಿನ ಗಾರ್ಡ್ನರ್ ಮ್ಯೂಸಿಯಂನ ಜೋಡಣೆ. ಇಟ್ಟದ್ದನ್ನು ಇಟ್ಟಲ್ಲಿಂದ ಕದಲಿಸಬಾರದೆಂದು ಅದನ್ನು ಕಟ್ಟಿದ ಇಸಾಬೆಲ್ಲಾ ಗಾರ್ಡ್ನರ್ ಉಯಿಲು ಬರೆದಿಟ್ಟಳು. ಅಲ್ಲಿಂದಲೂ 1990ರಲ್ಲಿ 13 ಕೃತಿಗಳು ಕಳವಾದವು. ಖಾಲಿ ಚೌಕಟ್ಟುಗಳು ಮಾತ್ರ ಅಲ್ಲೇ ನೇತಾಡುತ್ತಿವೆ.

ಹಾಗಾದರೆ ಬೇರೆ ಯಾವ ಪದ?

‘ಸ್ಥಿರ ಸಂಗ್ರಹ’ ಎಂದು ಒಬ್ಬರು ಸೂಚಿಸಿದರು. ಸ್ಥಿರಾಸ್ತಿ, ಚರಾಸ್ತಿ ಎಂದು ನೋಂದಣಿ ಕಚೇರಿಯಲ್ಲಿ ವಿಂಗಡಿಸುವಾಗ ಚಿತ್ರಪಟ ಚರಾಸ್ತಿಯ ಕಡೆ ಬೀಳುತ್ತದೆ. ಚರಾಸ್ತಿಯ ಸ್ಥಿರ ಸಂಗ್ರಹ ಎಂದರೆ ವಕೀಲರು ನಗುತ್ತಾರೆ.

‘ಕಾಯಂ ಸಂಗ್ರಹ’ ನನಗೆ ಹೆಚ್ಚು ಹಿಡಿಸಿತು. ಅರಬಿಯ ಮೂಲದಲ್ಲಿ ಅದರ ಅರ್ಥ ನಿಂತದ್ದು, ನೆಲೆಯಾದದ್ದು. ಕಾಯಂ ನೌಕರ ಎಂದಾಗ ಅವನು ಚಿರಂಜೀವಿ ಎಂದು ಯಾರೂ ತಿಳಿಯುವುದಿಲ್ಲ. ಸಂಸ್ಥೆಯ ಪಟ್ಟಿಯಲ್ಲಿ ಹೆಸರಿದೆ, ಗುತ್ತಿಗೆಯವನಲ್ಲ, ಅಷ್ಟೇ. ಮ್ಯೂಸಿಯಂನವರು ಹೇಳಬೇಕಾದ್ದೂ ಅದೇ ತಾನೆ? ಅಡ್ಡಿಯೆಂದರೆ ಪದಕ್ಕೆ ಕಚೇರಿಯ ವಾಸನೆ ಇದೆ. (‘ಖಾಯಂ’ ಎಂದು ಮಹಾಪ್ರಾಣ ಹಾಕುವವರಿಗೆ: ಮೂಲದ ಅಕ್ಷರ ಗಂಟಲಾಳದ ಕಕಾರ, ಉಸಿರು ಸೇರಿಸಬೇಕಾದ ಕಾರಣವಿಲ್ಲ. ಬಳಕೆಯಲ್ಲಿ ಎರಡೂ ಇವೆ, ಜಗಳ ಬೇಡ.)

‘ಸ್ವಂತ ಸಂಗ್ರಹ’ ಸರಳ, ಆದರೆ ಯಾರೋ ಒಬ್ಬ ಶ್ರೀಮಂತರ ಖಾಸಗಿ ಸಂಗ್ರಹದ ಹಾಗೆ ಕೇಳುತ್ತದೆ. ‘ಒಡವೆ’ ಹಿಂದೆ ಆಸ್ತಿ, ಸ್ವತ್ತು ಎಂಬ ಅರ್ಥದಲ್ಲೇ ಇತ್ತು. ಈಗ ‘ಮ್ಯೂಸಿಯಂನ ಒಡವೆಗಳು’ ಎಂದು ಫಲಕ ಹಾಕಿದರೆ ಜನ ಬಳೆ, ಸರ ಹುಡುಕುತ್ತಾರೆ.

ಇನ್ನು ನನ್ನ ತಲೆ ಹೊಕ್ಕಿರುವ ಪದ: ‘ಸ್ಥಾಯಿ ಸಂಗ್ರಹ’. ಹಿಂದಿಯವರು ‘ಸ್ಥಾಯೀ ಸಂಗ್ರಹ’ ಎಂದೇ ಬರೆಯುತ್ತಾರೆ, ಅದನ್ನು ನೋಡಿ ಹೇಳುತ್ತಿಲ್ಲ. ಸ್ಥಾಯಿ ಸಮಿತಿ ನಮಗೆ ಗೊತ್ತು, ಆದರೆ ಅದಕ್ಕಿಂತ ಹಳೆಯ ಗುರುತು ರಸಶಾಸ್ತ್ರದ್ದು. ನಾಟ್ಯಶಾಸ್ತ್ರ ಬರೆದ ಭರತನಲ್ಲಿ ಸ್ಥಾಯಿಭಾವ ಎಂಟು, ಸಂಚಾರಿಭಾವ ಮೂವತ್ತಮೂರು. ಸ್ಥಾಯಿ ಯಾವಾಗಲೂ ಮೇಲೆ ಕಾಣುವುದಿಲ್ಲ, ಒಳಗೆ ನೆಲೆಸಿದ್ದು ಸಂದರ್ಭ ಒದಗಿದಾಗ ಹೊರಬರುತ್ತದೆ. ಸಂಚಾರಿ ಬಂದು ಹೋಗುತ್ತದೆ. ಉಗ್ರಾಣದಲ್ಲಿ ಮಲಗಿ ಸರದಿ ಬಂದಾಗ ಗೋಡೆಗೇರುವ ಕೃತಿಗೆ ಇದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ. ಊರೂರು ತಿರುಗುವ ಪ್ರದರ್ಶನಕ್ಕೆ ‘ಸಂಚಾರಿ’ ಜೋಡಿಯಾಗಿ ತಾನಾಗೇ ಒದಗುತ್ತದೆ, ಸಂಚಾರಿ ಗ್ರಂಥಾಲಯದಂತೆ. (ಸಂಚಾರಿಗೆ ಶಾಸ್ತ್ರದಲ್ಲಿರುವ ಇನ್ನೊಂದು ಹೆಸರು ‘ವ್ಯಭಿಚಾರಿ’. ಅದನ್ನು ಫಲಕಕ್ಕೆ ತರದಿರುವುದು ಲೇಸು.) ಅಳುಕು ಒಂದೇ: ಶಾಲೆಯ ಮಕ್ಕಳು ಓದಿದರೆ ತಿಳಿಯುತ್ತದೆಯೇ? ಸಂಗೀತ ಕಲಿತವರು ಮಂದ್ರಸ್ಥಾಯಿ, ತಾರಸ್ಥಾಯಿ ನೆನೆದು ಗೊಂದಲಪಟ್ಟಾರೆಯೇ? ಕೈಪಿಡಿಯೊಳಗೆ ‘ಸ್ಥಾಯಿ ಸಂಗ್ರಹ’ ಬಳಸಿ, ಬಾಗಿಲ ಫಲಕದಲ್ಲಿ ‘ನಮ್ಮ ಸಂಗ್ರಹದಿಂದ ಆಯ್ದ ಕೃತಿಗಳು’ ಎಂದು ಬರೆದು, ವಿಶೇಷಣವನ್ನೇ ಕೈಬಿಡೋಣ ಅಂತಲೂ ಅನಿಸುತ್ತದೆ. ಅಂದಹಾಗೆ, ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ 2022ರಲ್ಲಿ ಒಪ್ಪಿದ ವ್ಯಾಖ್ಯೆಯಲ್ಲಿ ಪರ್ಮನೆಂಟ್ ಎಂಬ ವಿಶೇಷಣ ಸಂಸ್ಥೆಗೆ ಅಂಟಿಕೊಂಡಿದೆ, ಸಂಗ್ರಹಕ್ಕಲ್ಲ.

ಎರಡನೆಯ ತೊಡಕು ‘ಪ್ರಾದೇಶಿಕ ಕಲಾ ಸಂಗ್ರಹಾಲಯ’. ಪ್ರಾದೇಶಿಕ ಯಾವುದು, ಕಲೆಯೋ ಸಂಗ್ರಹಾಲಯವೋ? ಇಲ್ಲಿ ಎಲ್ಲಿಂದಲೋ ಬಂದ ಚಿತ್ರಗಳೂ ಇವೆ, ಮ್ಯೂಸಿಯಂ ಮಾತ್ರ ಒಂದು ಪ್ರದೇಶದ್ದು. ಸಮಾಸ ಬಿಡಿಸಿ ‘ಪ್ರದೇಶದ ಕಲಾ ಮ್ಯೂಸಿಯಂ’ ಎಂದರೆ ಗಂಟು ಅರ್ಧ ಸಡಿಲವಾಗುತ್ತದೆ. ‘ಸೀಮೆ’ ಅನ್ನೋಣವೆಂದರೆ ಸೀಮೆಎಣ್ಣೆ, ಸೀಮೆಸುಣ್ಣಗಳ ದೆಸೆಯಿಂದ ಅದಕ್ಕೆ ಪರದೇಶದ ಅರ್ಥವೂ ಅಂಟಿದೆ. ‘ಸಂಗ್ರಹಾಲಯದ ಸಂಗ್ರಹ’ ಎಂಬ ಮರುಕಳಿಕೆ ತಪ್ಪಿಸಲು ನಾನಂತೂ ಮ್ಯೂಸಿಯಂ ಎಂದೇ ಬರೆಯುತ್ತಿದ್ದೇನೆ.

ಕೊನೆಯದು, ಉತ್ತರವೇ ಹೊಳೆಯದ್ದು. ಕೃತಿಯನ್ನು ಒಳಗೆ ಸೇರಿಸಿಕೊಳ್ಳುವುದಕ್ಕೆ ಗ್ರಂಥಾಲಯದವರ ‘ಪರಿಗ್ರಹಣ’ ಇದೆ. ದಾಖಲೆಯಿಂದ ತೆಗೆದು ಹೊರಹಾಕುವುದಕ್ಕೆ ಏನನ್ನೋಣ? ‘ವಿಲೇವಾರಿ’ ಎಂದರೆ ಕಸವೋ ಕಡತವೋ ನೆನಪಾಗುತ್ತದೆ. ಕಾಯಂ ಆಗಿದ್ದದ್ದನ್ನು ‘ವಜಾ’ ಮಾಡಬಹುದು, ಆದರೆ ಪಾಪ, ಚಿತ್ರ ಏನು ತಪ್ಪು ಮಾಡಿತು? ‘ಅಪರಿಗ್ರಹ’ (ಏನನ್ನೂ ತನ್ನದಾಗಿಸಿಕೊಳ್ಳದ ವ್ರತ) ಎಂದರೆ ಹರಾಜಿನಲ್ಲಿ ಮಾರಿ ದುಡ್ಡೆಣಿಸುವವರೂ ಮುನಿಗಳಾಗಿಬಿಡುತ್ತಾರೆ. ಪುಸ್ತಕವನ್ನು ದಾಖಲೆಯಿಂದ ತೆಗೆಯುವಾಗ ನಿಮ್ಮ ಗ್ರಂಥಾಲಯಗಳಲ್ಲಿ ಬಾಯಿಮಾತಿಗೆ ಯಾವ ಪದ ಬಳಸುತ್ತೀರಿ? ಬರೆದುಕೊಳ್ಳುವ ಪದಕ್ಕಿಂತ ಆಡುವ ಪದ ಸಿಕ್ಕರೆ ಇನ್ನೂ ಒಳ್ಳೆಯದು.